ಮೂರು ಕಾದಂಬರಿ, ಮೂರು ಬಗೆಯ ಗೆಳೆಯರು: ಹರ್ಮನ್ ಹೆಸ್ಸೆಯನ್ನು ಎಲ್ಲಿಂದ ಓದಬೇಕು?

ಕಳೆದ ಬೇಸಿಗೆಯಲ್ಲಿ ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬ ಕೊಪ್ಪಳದ ನಮ್ಮ ಮನೆಗೆ ಬಂದಿದ್ದ. ಜರ್ಮನ್ ಲೇಖಕ ಹರ್ಮನ್ ಹೆಸ್ಸೆಯ ಕಾದಂಬರಿಯೊಂದನ್ನು ಕೊಂಡು ಓದಬೇಕೆಂದಿದ್ದೇನೆ, ಒಂದಕ್ಕಿಂತ ಹೆಚ್ಚು ಕೊಳ್ಳುವಷ್ಟು ದುಡ್ಡಿಲ್ಲ, ಯಾವುದನ್ನು ತರಿಸಲಿ ಎಂದು ಕೇಳಿದ. ನಾನು ಹೆಚ್ಚು ಯೋಚಿಸದೆ ‘ಸಿದ್ಧಾರ್ಥ’ ಎಂದೆ. ಹದಿನೈದು ದಿನಗಳ ಮೇಲೆ ಅವನು ಮತ್ತೆ ಬಂದು, “ಛಲೋ ಐತ್ರಿ ಸರ, ಆದ್ರ ಎಲ್ಲಾ ನಮಗ ಗೊತ್ತಿದ್ದದ್ದ ಐತಿ” ಎಂದು ಸಂಕೋಚದಿಂದ ಹೇಳಿದ. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಪುಸ್ತಕದ ಹೆಸರು ಹೇಳುವ ಆತುರದಲ್ಲಿ ನಾನು ಕೇಳಿದವನು ಯಾರು, ಅವನು ಏನನ್ನು ಹುಡುಕುತ್ತಿದ್ದಾನೆ ಎಂದು ಒಂದು ಮಾತನ್ನೂ ವಿಚಾರಿಸಿರಲಿಲ್ಲ. ಅಂಥ ಪ್ರಶ್ನೆ ಕೇಳುವವರಿಗೆ ಸ್ವಲ್ಪ ಜವಾಬ್ದಾರಿಯಿಂದ ಉತ್ತರ ಕೊಡಬೇಕೆಂಬ ಉದ್ದೇಶದಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಹೆಸ್ಸೆಯ ಮೂರು ಕಾದಂಬರಿಗಳು ಈ ಹೋಲಿಕೆಗೆ ಒದಗುತ್ತವೆ: 1919ರ ‘ಡೆಮಿಯಾನ್’, 1922ರ ‘ಸಿದ್ಧಾರ್ಥ’ ಮತ್ತು 1930ರ ‘ನಾರ್ಸಿಸಸ್ ಮತ್ತು ಗೋಲ್ಡ್‌ಮುಂಡ್’. ಮೂರರಲ್ಲೂ ಹುಡುಗನೊಬ್ಬ ತಾನು ಯಾರೆಂದು ತಿಳಿಯಲು ಮನೆಯನ್ನೋ ಮಠವನ್ನೋ ಬಿಟ್ಟು ಹೊರಡುತ್ತಾನೆ. ಮೂರರಲ್ಲೂ ಅವನ ಹುಡುಕಾಟಕ್ಕೆ ಒಬ್ಬ ಗೆಳೆಯನ ಸಾಕ್ಷಿಯಿದೆ. ಆದರೆ ಆ ಗೆಳೆಯ ಮೂರು ಕಡೆಯೂ ಒಂದೇ ಬಗೆಯವನಲ್ಲ, ಮತ್ತು ಆಯ್ಕೆಯ ಕೀಲಿ ಇರುವುದು ಅಲ್ಲೇ ಎಂದು ಈಗ ನನಗನ್ನಿಸುತ್ತದೆ. ಡೆಮಿಯಾನ್ ನಮಗಿಂತ ಮುಂದೆ ನಡೆಯುವ ಗೆಳೆಯ. ‘ಸಿದ್ಧಾರ್ಥ’ದ ಗೋವಿಂದ ಜೊತೆಯಲ್ಲಿ ಹೊರಟು ಅರ್ಧ ದಾರಿಯಲ್ಲಿ ಬೇರೆಯಾಗುವ ಗೆಳೆಯ. ನಾರ್ಸಿಸಸ್ ನಮಗೆ ತೀರ ವಿರುದ್ಧ ಸ್ವಭಾವದವನಾಗಿದ್ದೂ ನಮ್ಮನ್ನು ನಮಗಿಂತ ಮೊದಲು ಗುರುತಿಸುವ ಗೆಳೆಯ. ಓದುವವನ ಬದುಕಿನಲ್ಲಿ ಈ ಮೂವರಲ್ಲಿ ಯಾರ ಕೊರತೆಯಿದೆ ಎಂದು ಮೊದಲು ಕೇಳಿಕೊಳ್ಳಬೇಕು.

ಲೇಖಕನ ಬಗ್ಗೆ ಎರಡು ಮಾತು ಅಗತ್ಯ. ಹೆಸ್ಸೆ 1877ರಲ್ಲಿ ಜರ್ಮನಿಯ ಕಾಲ್ವ್ ಎಂಬ ಸಣ್ಣ ಊರಿನಲ್ಲಿ, ಬಾಸೆಲ್ ಮಿಷನ್ನಿಗೆ ಸೇರಿದ ಕುಟುಂಬದಲ್ಲಿ ಹುಟ್ಟಿದ. ಬಾಸೆಲ್ ಮಿಷನ್ ಎಂದರೆ ಕನ್ನಡಿಗರಿಗೆ 1894ರ ಕಿಟ್ಟೆಲ್ ನಿಘಂಟು ನೆನಪಾಗುತ್ತದೆ. ಅದೇ ಮಿಷನ್ನಿನಲ್ಲಿದ್ದು ಮಲಯಾಳಕ್ಕೆ ಅಂಥದ್ದೇ ನಿಘಂಟನ್ನು ಕಟ್ಟಿಕೊಟ್ಟ ಹರ್ಮನ್ ಗುಂಡರ್ಟ್ ಹೆಸ್ಸೆಯ ತಾಯಿಯ ತಂದೆ. ತಾಯಿ ಹುಟ್ಟಿದ್ದೂ ಕೇರಳದಲ್ಲಿಯೇ. ಹೀಗಾಗಿ ಭಾರತದ ಮಾತು, ಭಾರತದ ವಸ್ತುಗಳು ಬಾಲ್ಯದಿಂದಲೂ ಅವನ ಮನೆಯೊಳಗಿದ್ದವು. 1911ರಲ್ಲಿ ಅವನು ಹಡಗು ಹತ್ತಿ ಸಿಂಹಳ, ಸಿಂಗಪುರ, ಸುಮಾತ್ರಾಗಳವರೆಗೆ ಬಂದ, ಆದರೆ ತಾಯಿ ಹುಟ್ಟಿದ ನೆಲವನ್ನು ನೋಡದೆಯೇ ಹಿಂದಿರುಗಿದ. 1946ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು.

ಎಲ್ಲರೂ ಮೊದಲು ಹೆಸರಿಸುವ ‘ಸಿದ್ಧಾರ್ಥ’ವನ್ನೇ ಮೊದಲು ನೋಡೋಣ. ಹನ್ನೆರಡು ಅಧ್ಯಾಯಗಳ ಪುಟ್ಟ ಪುಸ್ತಕ. ವಾಕ್ಯಗಳು ಚಿಕ್ಕವು, ಮಂತ್ರದಂತೆ ಮರುಕಳಿಸುತ್ತವೆ. ಬ್ರಾಹ್ಮಣನ ಮಗ ಸಿದ್ಧಾರ್ಥ ಮತ್ತು ಅವನ ಗೆಳೆಯ ಗೋವಿಂದ ಶ್ರಮಣರ ಜೊತೆ ಕಾಡು ಸೇರುತ್ತಾರೆ, ಆಮೇಲೆ ಬುದ್ಧನನ್ನು ಕಾಣುತ್ತಾರೆ. ಗೋವಿಂದ ಬುದ್ಧನ ಸಂಘಕ್ಕೆ ಸೇರುತ್ತಾನೆ, ಸಿದ್ಧಾರ್ಥ ಸೇರುವುದಿಲ್ಲ. ಇಲ್ಲಿನ ನಾಯಕ ಬುದ್ಧನಲ್ಲ, ಬುದ್ಧನ ಹೆಸರನ್ನು ಹೊತ್ತ ಬೇರೊಬ್ಬ ಎಂಬುದನ್ನು ನಮ್ಮ ಓದುಗರಿಗೆ ಮೊದಲೇ ಹೇಳಬೇಕು, ಇಲ್ಲವಾದರೆ ಅರ್ಧ ಪುಸ್ತಕ ಮುಗಿಯುವವರೆಗೆ ಗೊಂದಲ ತಪ್ಪುವುದಿಲ್ಲ.

ನಮ್ಮ ಭಾಗದ ಓದುಗರಿಗೆ ಇದರಲ್ಲಿ ಒಂದು ತೊಡಕಿದೆ. ಓಂಕಾರ, ಸಂಸಾರ, ಆತ್ಮ, ನಿರ್ವಾಣ ಎಂಬ ಶಬ್ದಗಳನ್ನು ಜರ್ಮನಿಯ ಓದುಗ ಹೊಸದಾಗಿ, ಬೆರಗಿನಿಂದ ಕೇಳಿದ. ನಾವು ಅವನ್ನು ಪುರಾಣ ಪ್ರವಚನಗಳಲ್ಲಿ, ಮಠದ ಜಾತ್ರೆಯ ವೇದಿಕೆಯಲ್ಲಿ, ಭಜನೆಯ ಪದಗಳಲ್ಲಿ ಕೇಳಿಕೇಳಿ ಬೆಳೆದವರು. ಕಿವಿಗೆ ಪರಿಚಿತವಾದದ್ದನ್ನು ಮನಸ್ಸು ಅರ್ಥವಾಗಿದೆ ಎಂದುಕೊಂಡು ದಾಟಿಬಿಡುತ್ತದೆ. ನನ್ನ ವಿದ್ಯಾರ್ಥಿಗೆ ಆದದ್ದು ಇದೇ. ಗುರುವಿನ ಮಾತಿನಿಂದ ಜ್ಞಾನ ಬರುವುದಿಲ್ಲ, ಬುದ್ಧನ ಎದುರಿಗೇ ಕೂತರೂ ಬರುವುದಿಲ್ಲ, ತಾನೇ ಬಿದ್ದು ತಾನೇ ಏಳಬೇಕು ಎಂದು ಆ ಪುಸ್ತಕ ಹೇಳುವ ಕಠಿಣವಾದ ಮಾತು ಅವನಿಗೆ ಪ್ರವಚನದ ಇನ್ನೊಂದು ಸಾಲಾಗಿ ಕೇಳಿಸಿತ್ತು.

ಈ ತೊಡಕನ್ನು ಬಿಡಿಸಲು ಎರಡು ಉಪಾಯಗಳನ್ನು ನಾನು ಕಂಡುಕೊಂಡಿದ್ದೇನೆ. ಒಂದನೆಯದು, ನಮ್ಮ ಕೊಪ್ಪಳದ ಗವಿಮಠದ ಬೆಟ್ಟದ ಮೇಲಿರುವ ಅಶೋಕನ ಶಾಸನ. ಅದರಲ್ಲಿ ಸಾಮ್ರಾಟನು ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾಲವಾಯಿತೆಂದೂ, ಮೊದಲ ಒಂದು ವರ್ಷ ತಾನು ಹೆಚ್ಚು ಶ್ರಮಿಸಲಿಲ್ಲವೆಂದೂ, ಸಂಘವನ್ನು ಸೇರಿದ ಮೇಲೆ ಶ್ರಮಿಸಿದೆನೆಂದೂ ಹೇಳಿಕೊಳ್ಳುತ್ತಾನೆ. ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದಲ್ಲಿಯೂ ಇದೇ ಮಾತಿದೆ, ಅಲ್ಲಿ ಅಶೋಕನೆಂಬ ಹೆಸರೂ ಇದೆ. ಒಬ್ಬ ದೊರೆ ತನ್ನ ಆಲಸ್ಯದ ಒಂದು ವರ್ಷವನ್ನು ಬಂಡೆಯ ಮೇಲೆ ಕೊರೆಯಿಸಿದ್ದಾನೆಂದು ತಿಳಿದ ಮೇಲೆ, ಸಂಘಕ್ಕೆ ಸೇರುವುದೋ ಬಿಡುವುದೋ ಎಂಬ ಗೋವಿಂದ ಮತ್ತು ಸಿದ್ಧಾರ್ಥರ ಪ್ರಶ್ನೆ ನಮ್ಮ ಊರಿನ ಪ್ರಶ್ನೆಯಾಗುತ್ತದೆ.

ಎರಡನೆಯದು ಆನೆಗೊಂದಿಯ ಹರಿಗೋಲು. ಕಾದಂಬರಿಯ ಉತ್ತರಾರ್ಧ ನಡೆಯುವುದು ಹೊಳೆಯ ದಂಡೆಯಲ್ಲಿ, ವಾಸುದೇವನೆಂಬ ಅಂಬಿಗನ ಗುಡಿಸಲಿನಲ್ಲಿ. ನಮ್ಮ ಓದುವ ಗುಂಪಿನ ಏಳು ಜನ ಒಮ್ಮೆ ಆ ಅಧ್ಯಾಯವನ್ನು ತುಂಗಭದ್ರೆಯ ದಂಡೆಯ ಮೇಲೆಯೇ ಓದಿದೆವು. ಬಿದಿರಿನ ದಬ್ಬೆಗಳನ್ನು ಹೆಣೆದು ಕೆಳಗೆ ಡಾಂಬರು ಬಳಿದ ಆ ದುಂಡನೆಯ ಹರಿಗೋಲು ನೇರವಾಗಿ ಹೋಗುವುದೇ ಇಲ್ಲ. ಅಂಬಿಗ ಹುಟ್ಟನ್ನು ಒಂದೇ ಕಡೆ ಹಾಕುತ್ತಾ ಹೋದರೆ ಅದು ಇದ್ದಲ್ಲಿಯೇ ತಿರುಗುತ್ತದೆ, ಮೈಯನ್ನು ಸ್ವಲ್ಪ ಬಾಗಿಸಿ ಮುಂದಿನ ನೀರನ್ನು ತನ್ನತ್ತ ಎಳೆದುಕೊಂಡಾಗ ಮಾತ್ರ ಮುಂದೆ ಸಾಗುತ್ತದೆ. ಅಂದು ನಮ್ಮನ್ನು ದಾಟಿಸಿದ ಹಿರಿಯರು ಈ ಕಡೆಯಿಂದ ಆ ಕಡೆಗೆ ಹೋಗುವವರೆಗೆ ಒಂದೇ ಒಂದು ಮಾತಾಡಿದರು: “ನಡುವ ನಿಂದ್ರಬ್ಯಾಡ್ರಿ.” ವಾಸುದೇವ ಕಡಿಮೆ ಮಾತಿನವನು, ಕೇಳಿಸಿಕೊಳ್ಳುವುದೇ ಅವನ ವಿದ್ಯೆ ಎಂದು ಪುಸ್ತಕದಲ್ಲಿ ಓದಿದ್ದವರಿಗೆ ಆ ದಿನ ಅದು ಕಣ್ಣಿಗೆ ಕಂಡಿತು. ನಮಗೆ ಅಂಬಿಗನೆಂದರೆ ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನೂ ನೆನಪಾಗುತ್ತಾನೆ. ಅವನು ಡಾಂಭಿಕರ ಮುಖಕ್ಕೆ ಹೊಡೆದಂತೆ ಮಾತಾಡುವ ವಚನಕಾರ, ವಾಸುದೇವನಾದರೋ ಬೈಯುವುದನ್ನೇ ಅರಿಯದವನು. ಈ ಇಬ್ಬರು ಅಂಬಿಗರನ್ನು ಎದುರುಬದುರು ಕೂರಿಸಿ ಮಾತಾಡಿದರೆ ಒಂದು ಇಡೀ ಸಂಜೆ ಸಾಲದು.

ಗೆಳೆತನದ ಕಾದಂಬರಿಯಾಗಿ ‘ಸಿದ್ಧಾರ್ಥ’ವನ್ನು ಓದುವವರು ಗೋವಿಂದನ ಮೇಲೆ ಕಣ್ಣಿಡಬೇಕು. ಮೂರನೆಯ ಅಧ್ಯಾಯದಲ್ಲಿ ಅಗಲಿದ ಮೇಲೆ ಅವನು ಬಹಳ ಪುಟಗಳವರೆಗೆ ಕಾಣುವುದಿಲ್ಲ. ಮತ್ತೆ ಸಿಕ್ಕಾಗ, ಹೊಳೆಯ ದಂಡೆಯಲ್ಲಿ ಮಲಗಿದ್ದ ತನ್ನ ಬಾಲ್ಯದ ಗೆಳೆಯನನ್ನು ಯಾರೋ ದಾರಿಹೋಕನೆಂದುಕೊಂಡು, ಹಾವುಹಪ್ಪಟೆ ಮುಟ್ಟದಂತೆ ಕಾವಲು ಕೂತಿರುತ್ತಾನೆ. ಕೊನೆಯ ಅಧ್ಯಾಯದಲ್ಲಿಯೂ ಮೊದಲಿಗೆ ಅವನಿಗೆ ಗುರುತು ಹತ್ತುವುದಿಲ್ಲ. ಗುರುತಿಸದೆಯೂ ಕಾಯ್ದ ಈ ಗೆಳೆಯನೇ ನನಗೆ ಆ ಪುಸ್ತಕದ ಅತ್ಯಂತ ಆಪ್ತ ಪಾತ್ರ. ಹೆಸ್ಸೆಗೂ ಈ ಪುಸ್ತಕ ಸುಲಭವಾಗಿ ಬಂದದ್ದಲ್ಲ: ಮೊದಲ ಭಾಗವನ್ನು ಬರೆದ ಮೇಲೆ ಮುಂದೆ ಸಾಗದೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಿಲ್ಲಿಸಿಬಿಟ್ಟಿದ್ದ. ಹುಡುಕುವವನನ್ನು ಬರೆಯಬಲ್ಲವನಾಗಿದ್ದ ಅವನಿಗೆ ಹುಡುಕಿ ಪಡೆದವನನ್ನು ಬರೆಯುವುದು ಅಷ್ಟು ಕಷ್ಟವಾಗಿತ್ತು. ಆದ್ದರಿಂದ ಸ್ವಲ್ಪ ಬದುಕನ್ನು ಕಂಡವರಿಗೆ, ಮುಖ್ಯವಾಗಿ ಬೆಳೆದ ಮಕ್ಕಳಿರುವ ತಂದೆತಾಯಿಗಳಿಗೆ, ಈ ಪುಸ್ತಕವನ್ನು ನಾನು ಈಗ ಧೈರ್ಯವಾಗಿ ಕೊಡುತ್ತೇನೆ. ‘ಮಗ’ ಎಂಬ ಅಧ್ಯಾಯ ಅವರಿಗೆ ನೇರವಾಗಿ ನಾಟುತ್ತದೆ.

‘ಡೆಮಿಯಾನ್’ ಬೇರೆಯದೇ ವಯಸ್ಸಿನ ಪುಸ್ತಕ. ಎಮಿಲ್ ಸಿಂಕ್ಲೇರ್ ಎಂಬ ಹತ್ತು ವರ್ಷದ ಹುಡುಗ, ದೊಡ್ಡ ಹುಡುಗರ ಮುಂದೆ ತಾನೂ ಧೀರನೆಂದು ತೋರಿಸಿಕೊಳ್ಳಲು, ತೋಟದಿಂದ ಸೇಬು ಕದ್ದೆನೆಂದು ಸುಳ್ಳು ಕಥೆಯೊಂದನ್ನು ಕಟ್ಟಿ ಹೇಳುತ್ತಾನೆ. ಕ್ರೋಮರ್ ಎಂಬ ಒರಟು ಹುಡುಗ ಆ ಸುಳ್ಳನ್ನೇ ಹಿಡಿದು, ದುಡ್ಡು ಕೊಡದಿದ್ದರೆ ಹೇಳಿಬಿಡುತ್ತೇನೆಂದು ಬೆದರಿಸತೊಡಗುತ್ತಾನೆ. ಮಾಡದ ಕಳ್ಳತನಕ್ಕೆ ಹೆದರಿ ಹುಡುಗ ಮನೆಯಲ್ಲಿ ನಿಜವಾಗಿಯೇ ಕದಿಯುತ್ತಾನೆ. ಈ ಮೊದಲ ಅಧ್ಯಾಯವನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದಾಗ ಗುಂಪಿನಲ್ಲಿ ಯಾರೂ ಅಲುಗಾಡಲಿಲ್ಲ. ಅಪ್ಪನಿಗೆ ಹೇಳಲಾಗದ ಒಂದು ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಊಟಕ್ಕೆ ಕೂತ ಅನುಭವ ಇಲ್ಲದವರು ಯಾರಿದ್ದಾರೆ? ಆಗ ಮ್ಯಾಕ್ಸ್ ಡೆಮಿಯಾನ್ ಬರುತ್ತಾನೆ. ಅವನು ವಯಸ್ಸಿನಲ್ಲಿ ತುಸು ದೊಡ್ಡವನು, ತಮ್ಮನನ್ನು ಕೊಂದು ದೇವರ ಗುರುತನ್ನು ಹೊತ್ತ ಕೇನನ ಬಗ್ಗೆ ಶಾಲೆಯಲ್ಲಿ ಕಲಿಸಿದ ಬೈಬಲ್ಲಿನ ಕಥೆಗೆ ಬೇರೆಯೇ ಅರ್ಥ ಹೇಳುವವನು. ಕ್ರೋಮರನ ಕಾಟ ತಪ್ಪುತ್ತದೆ, ಆದರೆ ಅದಕ್ಕಿಂತ ದೊಡ್ಡ ಕಾಟ, ಅಂದರೆ ಸ್ವಂತವಾಗಿ ಯೋಚಿಸುವ ಕಾಟ, ಹಿಡಿಯುತ್ತದೆ.

ಮೊದಲ ಮಹಾಯುದ್ಧದ ನಡುವೆ, ಕುಟುಂಬದ ಸಂಕಟಗಳಿಂದ ಮನಸ್ಸು ಕುಸಿದು ಮನೋವಿಜ್ಞಾನಿ ಯೂಂಗನ ಶಿಷ್ಯನೊಬ್ಬನ ಬಳಿ ಚಿಕಿತ್ಸೆ ಪಡೆದ ಮೇಲೆ, 1917ರಲ್ಲಿ ಹೆಸ್ಸೆ ಇದನ್ನು ಬರೆದ. ತನ್ನ ಹೆಸರನ್ನು ಹಾಕದೆ, ಕಥೆ ಹೇಳುವ ಎಮಿಲ್ ಸಿಂಕ್ಲೇರನೇ ಲೇಖಕನೆಂಬಂತೆ ಪ್ರಕಟಿಸಿದ. ಹೊಸ ಲೇಖಕನ ಮೊದಲ ಕೃತಿಯೆಂದು ಫಾಂಟಾನೆ ಬಹುಮಾನವೂ ಬಂತು, ಬರೆದವನು ಯಾರೆಂದು ಬಯಲಾದ ಮೇಲೆ ಅದನ್ನು ಹಿಂದಿರುಗಿಸಿದ. ತಾನು ಯಾರೆಂಬ ಹುಡುಕಾಟದ ಪುಸ್ತಕ ಬೇರೊಬ್ಬನ ಹೆಸರಿನಲ್ಲಿ ಹೊರಬಂದದ್ದು ವಿದ್ಯಾರ್ಥಿಗಳಿಗೆ ಬಹಳ ಹಿಡಿಸುವ ಸಂಗತಿ.

ಆದರೂ ಎಂಟು ಅಧ್ಯಾಯಗಳ ಈ ಪುಸ್ತಕದ ಉತ್ತರಾರ್ಧ ಕಷ್ಟದ ದಾರಿ. ಕನಸುಗಳು, ಒಳಿತು ಕೆಡುಕುಗಳೆರಡನ್ನೂ ಒಳಗೊಂಡ ಅಬ್ರಾಕ್ಸಸ್ ಎಂಬ ದೇವರು, ಆರ್ಗನ್ ನುಡಿಸುವ ಪಿಸ್ಟೋರಿಯಸ್ ಇವೆಲ್ಲ ಮೊದಲ ಓದಿಗೆ ಮಂಜಿನಂತೆ ಕಾಣುತ್ತವೆ. ಇದಕ್ಕಿಂತ ಹೆಚ್ಚಾಗಿ ನನ್ನನ್ನು ಎಚ್ಚರಿಸುವ ಸಂಗತಿ ಇನ್ನೊಂದಿದೆ. ಕೇನನಂತೆ ಹಣೆಯ ಮೇಲೆ ಗುರುತುಳ್ಳ ಕೆಲವರು ಬೇರೆ, ಮಂದೆಯಂತೆ ನಡೆಯುವ ಉಳಿದವರು ಬೇರೆ ಎಂಬ ಭಾವನೆ ಆ ಕಾದಂಬರಿಯ ಉದ್ದಕ್ಕೂ ಇದೆ. ಒಂಟಿಯಾಗಿ ನೊಂದ ಹುಡುಗನಿಗೆ ಅದು ಧೈರ್ಯ ಕೊಡುತ್ತದೆ. ಆದರೆ ಹದಿನೆಂಟರ ಹುಮ್ಮಸ್ಸಿನಲ್ಲಿ ಓದಿದವನು ತಾನೇ ಆ ಗುರುತುಳ್ಳವನೆಂದು ನಂಬಿ ಗೆಳೆಯರನ್ನು ಕೀಳಾಗಿ ಕಾಣಲೂಬಹುದು. ಆದ್ದರಿಂದ ಇದನ್ನು ಒಬ್ಬರೇ ಓದುವುದಕ್ಕಿಂತ ಇಬ್ಬರು ಮೂವರು ಕೂಡಿ ಓದಿ ಜಗಳವಾಡುವುದು ಮೇಲು.

ಇನ್ನು ಮೂರನೆಯದು. ‘ನಾರ್ಸಿಸಸ್ ಮತ್ತು ಗೋಲ್ಡ್‌ಮುಂಡ್’ ಮೂರರಲ್ಲಿ ಹೆಚ್ಚು ದಪ್ಪ, ಮತ್ತು ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಮೊದಲು ಕೊಡಬೇಕಾದದ್ದು ಇದೇ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಮಧ್ಯಯುಗದ ಜರ್ಮನಿಯ ಮಠವೊಂದರ ಶಾಲೆಗೆ ಗೋಲ್ಡ್‌ಮುಂಡನನ್ನು ಅವನ ಅಪ್ಪ ಕುದುರೆಯ ಮೇಲೆ ಕರೆದುಕೊಂಡು ಬಂದು ಬಿಟ್ಟು ಹೋಗುತ್ತಾನೆ. ಅಪ್ಪ ಹೋದ ಮೇಲೆ ಹುಡುಗನಿಗೆ ಆ ಹೊಸ ಜಾಗದಲ್ಲಿ ತನ್ನದೆಂದು ಉಳಿದದ್ದು ತಾನು ಏರಿ ಬಂದ ಪುಟ್ಟ ಕುದುರೆ ಒಂದೇ. ಅದರ ಬಳಿ ಹೋಗಿ ಅವನು ಅಳುತ್ತಾನೆ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ಮಾನ್ವಿಗಳ ಹಳ್ಳಿಗಳಿಂದ ಟ್ರಂಕು ಹೊತ್ತುಕೊಂಡು ಹಾಸ್ಟೆಲಿಗೆ ಬಂದು, ಅಪ್ಪ ಹತ್ತಿದ ಬಸ್ಸು ಮರೆಯಾಗುವವರೆಗೆ ಗೇಟಿನ ಬಳಿ ನಿಂತವರಿಗೆ ಈ ಪುಟಕ್ಕೆ ಟಿಪ್ಪಣಿ ಬೇಕಾಗುವುದಿಲ್ಲ. ಹೆಸ್ಸೆಯೂ ಅದನ್ನು ಅನುಭವಿಸಿಯೇ ಬರೆದದ್ದು. 1891ರಲ್ಲಿ ಅವನು ಮೌಲ್‌ಬ್ರಾನ್ ಎಂಬ ಹಳೆಯ ಮಠದಲ್ಲಿದ್ದ ಶಾಲೆಗೆ ಸೇರಿದ, ಮರುವರ್ಷ ಮಾರ್ಚಿಯಲ್ಲಿ ಅಲ್ಲಿಂದ ಓಡಿಹೋದ. ಕಾದಂಬರಿಯ ಮರಿಯಾಬ್ರಾನ್ ಮಠದ ಹೆಸರಿನಲ್ಲಿಯೂ ಅಂಗಳದಲ್ಲಿಯೂ ಆ ಶಾಲೆಯ ನೆನಪಿದೆ.

ಮಠದಲ್ಲಿ ಗೋಲ್ಡ್‌ಮುಂಡನಿಗೆ ನಾರ್ಸಿಸಸ್ ಗೆಳೆಯನಾಗುತ್ತಾನೆ. ವಯಸ್ಸಿನಲ್ಲಿ ಹೆಚ್ಚು ಅಂತರವಿಲ್ಲದಿದ್ದರೂ ಅವನು ಆಗಲೇ ಪಾಠ ಹೇಳುವಷ್ಟು ಪಂಡಿತ, ಸನ್ಯಾಸಕ್ಕೆಂದೇ ಹುಟ್ಟಿದವನು. ಗೋಲ್ಡ್‌ಮುಂಡ್ ಅವನಂತೆಯೇ ಆಗಬೇಕೆಂದು ಹಟ ಹಿಡಿಯುತ್ತಾನೆ. ನಾರ್ಸಿಸಸ್ ಅದಕ್ಕೆ ಒಪ್ಪುವುದಿಲ್ಲ. ನೀನು ನನ್ನಂಥವನಲ್ಲ, ನಿನ್ನ ತಾಯಿಯನ್ನು ನೀನು ಮರೆತಿದ್ದೀಯೆ, ನಿನ್ನ ದಾರಿ ಹೊರಗಿದೆ ಎಂದು ತಿಳಿಯಹೇಳುತ್ತಾನೆ. ಪ್ರೀತಿಸುವವನನ್ನು ತನ್ನ ಬಳಿಯೇ ಇಟ್ಟುಕೊಳ್ಳುವ ಆಸೆಯನ್ನು ನುಂಗಿ, ಅವನು ಅವನಾಗಲೆಂದು ಕಳುಹಿಸಿಕೊಡುವ ಈ ಗೆಳೆತನವನ್ನು ನಾನು ಬೇರಾವ ಕಾದಂಬರಿಯಲ್ಲಿಯೂ ಇಷ್ಟು ನಿಚ್ಚಳವಾಗಿ ಕಂಡಿಲ್ಲ. ನಮ್ಮಲ್ಲಿ ಹುಡುಗರು ಗೆಳೆಯ ವಿಜ್ಞಾನ ತೆಗೆದುಕೊಂಡನೆಂದು ವಿಜ್ಞಾನ, ಗೆಳೆಯ ಡಿ.ಇಡಿ.ಗೆ ಹೋದನೆಂದು ಡಿ.ಇಡಿ. ಸೇರುವುದನ್ನು ನಾನು ವರ್ಷವರ್ಷವೂ ನೋಡುತ್ತಿದ್ದೇನೆ. ಅಂಥವರಿಗೆ ಡೆಮಿಯಾನನಿಗಿಂತಲೂ ಗೋವಿಂದನಿಗಿಂತಲೂ ನಾರ್ಸಿಸಸ್ ಹೆಚ್ಚು ಅಗತ್ಯ.

ಮಠ ಬಿಟ್ಟ ಗೋಲ್ಡ್‌ಮುಂಡ್ ವರ್ಷಗಟ್ಟಲೆ ಅಲೆಯುತ್ತಾನೆ. ಒಂದು ದಿನ ಚರ್ಚಿನೊಳಗೆ ಮರದಲ್ಲಿ ಕೆತ್ತಿದ ಮೇರಿಯ ಮೂರ್ತಿಯನ್ನು ಕಂಡು, ಅದನ್ನು ಮಾಡಿದ ನಿಕ್ಲಾಸ್ ಎಂಬ ಶಿಲ್ಪಿಯನ್ನು ಹುಡುಕಿಕೊಂಡು ಹೋಗಿ ಶಿಷ್ಯನಾಗುತ್ತಾನೆ. ಅವನು ಕೆತ್ತುವ ಸಂತ ಜಾನನ ಮೂರ್ತಿಗೆ ನಾರ್ಸಿಸಸ್ಸನ ಮುಖ ಬರುತ್ತದೆ. ಈ ಭಾಗವನ್ನು ಓದುವ ಮೊದಲು ಮರದ ಮೂರ್ತಿ, ಗೊಂಬೆಗಳಿಗೆ ಹೆಸರಾದ ಕಿನ್ನಾಳಕ್ಕೆ ಹೋಗಿ ಬರಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಅಲ್ಲಿನ ಚಿತ್ರಗಾರರ ಮನೆಯೊಂದರ ಪಡಸಾಲೆಯಲ್ಲಿ ನಾವು ಕೂತಿದ್ದಾಗ, ಹಗುರವಾದ ಮರದ ಗೌರಿಯ ಮೂರ್ತಿಗೆ ಕೈ ಜೋಡಿಸುವ ಕೆಲಸ ನಡೆದಿತ್ತು. ಹುಣಸೆ ಬೀಜವನ್ನು ಅರೆದು ಮಾಡಿದ ಅಂಟನ್ನು ಸಂದಿಗೆ ತುಂಬಿ, ಹೆಬ್ಬೆರಳಿನಿಂದ ತೀಡಿ, ಎತ್ತಿ ಬೆಳಕಿಗೆ ಹಿಡಿದು, ಮತ್ತೆ ತೀಡುತ್ತಿದ್ದರು. ಬಣ್ಣ ಬರುವ ಮೊದಲು ಗೌರಿಗೆ ಕಣ್ಣಿರಲಿಲ್ಲ. ಕಣ್ಣನ್ನು ಯಾವಾಗ ಬರೆಯುತ್ತೀರಿ ಎಂದು ನಮ್ಮೊಳಗಿನ ಹುಡುಗಿಯೊಬ್ಬಳು ಕೇಳಿದ್ದಕ್ಕೆ, “ಎಲ್ಲಾ ಮುಗದ ಮ್ಯಾಲ ಯವ್ವಾ, ಕಣ್ಣು ಬರದ್ವಿ ಅಂದ್ರ ಮತ್ತ ಮುಟ್ಟಂಗಿಲ್ಲ” ಎಂದರು. ಕೈಯ ಕೆಲಸದಿಂದ ತನ್ನನ್ನು ತಾನು ಕಂಡುಕೊಳ್ಳುವುದೆಂದರೆ ಏನೆಂದು ಪುಸ್ತಕ ವಿವರಿಸುವ ಪುಟಗಳು ಆಮೇಲೆ ನಮಗೆ ತಾವಾಗಿಯೇ ತೆರೆದುಕೊಂಡವು.

ಈ ಕಾದಂಬರಿಯನ್ನು ಕೊಡುವ ಮೊದಲು ಎರಡು ವಿಷಯಗಳನ್ನು ಮುಚ್ಚಿಡದೆ ಹೇಳಬೇಕು. ಪ್ಲೇಗಿನ ದಿನಗಳ ವರ್ಣನೆಯೂ, ಯಹೂದಿಗಳನ್ನು ಸುಟ್ಟ ಕ್ರೌರ್ಯದ ಪ್ರಸಂಗವೂ ಇದರಲ್ಲಿವೆ. ದೇಹದ ಪ್ರೀತಿಯ ಪ್ರಸಂಗಗಳಂತೂ ಅನೇಕ. ಪಿಯುಸಿಯ ಮಕ್ಕಳಿಗಿಂತ ಪದವಿಯವರಿಗೆ ಇದು ತಕ್ಕದ್ದು. ಎರಡನೆಯದು ಹೆಂಗಸರ ಪಾತ್ರಗಳನ್ನು ಕುರಿತದ್ದು. “ಮೂರೂ ಪುಸ್ತಕದಾಗ ಹೆಣ್ಮಕ್ಳಿಗೆ ದೋಸ್ತೀನ ಇಲ್ಲಲ್ರಿ ಸರ” ಎಂದು ಕಿನ್ನಾಳದಲ್ಲಿ ಕಣ್ಣಿನ ಪ್ರಶ್ನೆ ಕೇಳಿದ ಹುಡುಗಿಯೇ ಒಂದು ದಿನ ಹೇಳಿದಳು. ಅವಳ ಮಾತು ನಿಜ. ಸಿದ್ಧಾರ್ಥನ ಪ್ರೇಯಸಿ ಕಮಲಾ, ಡೆಮಿಯಾನನ ತಾಯಿ ಈವಾ, ಗೋಲ್ಡ್‌ಮುಂಡನ ದಾರಿಯಲ್ಲಿ ಸಿಗುವ ಹೆಂಗಸರು, ಇವರೆಲ್ಲ ತಾಯಂದಿರು, ಪ್ರೇಯಸಿಯರು, ದಾರಿ ತೋರುವವರು. ತಮಗಾಗಿಯೇ ಹುಡುಕಾಟಕ್ಕೆ ಹೊರಟವರು ಒಬ್ಬರೂ ಇಲ್ಲ. ಇದು ಹೆಸ್ಸೆಯ ಕೊರತೆ, ಅದನ್ನು ಕೊರತೆಯೆಂದೇ ಓದಬೇಕು. ನಮ್ಮ ಗುಂಪಿನ ಹುಡುಗಿಯರಿಗೆ ಮೂರರಲ್ಲಿ ‘ಡೆಮಿಯಾನ್’ನ ಮೊದಲ ಅಧ್ಯಾಯಗಳೇ ಹೆಚ್ಚು ಹತ್ತಿರವೆನಿಸಿದವು, ಏಕೆಂದರೆ ಹೆದರಿಕೆ ಮತ್ತು ಗುಟ್ಟಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಹಾಗಾಗಿ ಹುಡುಗಿಯರು ಕೇಳಿದರೆ ನನ್ನ ಕ್ರಮವನ್ನು ಬದಲಿಸಿ ಅದನ್ನೂ ಮುಂದಿಡುತ್ತೇನೆ, ಆಯ್ಕೆಯನ್ನು ಅವರಿಗೆ ಬಿಡುತ್ತೇನೆ.

ಭಾಷೆಯ ವಿಚಾರ. ಇಂಗ್ಲಿಷಿನಲ್ಲಿ ಓದುವವರಿಗೆ ‘ಸಿದ್ಧಾರ್ಥ’ ಅತ್ಯಂತ ಸುಲಭ. ಹಿಲ್ಡಾ ರೋಸ್ನರ್ 1951ರಲ್ಲಿ ಮಾಡಿದ ಅನುವಾದದ ವಾಕ್ಯಗಳು ಪಿಯುಸಿಯ ಇಂಗ್ಲಿಷಿಗೂ ನಿಲುಕುತ್ತವೆ. ಮೂರನೆಯದಕ್ಕೆ ಉರ್ಸುಲೆ ಮೊಲಿನಾರೊ ಅವರ 1968ರ ಅನುವಾದ ಸಿಗುತ್ತದೆ, ಅದಕ್ಕೆ ಹೆಚ್ಚು ತಾಳ್ಮೆ ಬೇಕು. ನಾವು ಅನುಸರಿಸುವ ಕ್ರಮ ಹೀಗಿದೆ: ಒಬ್ಬರು ಅಧ್ಯಾಯವನ್ನು ಇಂಗ್ಲಿಷಿನಲ್ಲಿ ಓದಿಕೊಂಡು ಬಂದು ಉಳಿದವರಿಗೆ ನಮ್ಮ ಮಾತಿನಲ್ಲಿ ಕಥೆಯಾಗಿ ಹೇಳುತ್ತಾರೆ, ಆಮೇಲೆ ಒಂದೆರಡು ಪುಟಗಳನ್ನು ಎಲ್ಲರೂ ಸೇರಿ ಸಾಲುಸಾಲಾಗಿ ಓದುತ್ತೇವೆ. ಹೆಸ್ಸೆ ತೀರಿಕೊಂಡದ್ದು 1962ರ ಆಗಸ್ಟಿನಲ್ಲಿ. ನಮ್ಮ ದೇಶದ ಕಾನೂನಿನಂತೆ ಲೇಖಕನ ಮರಣದ ನಂತರ 60 ವರ್ಷ ಕೃತಿಸ್ವಾಮ್ಯವಿರುವುದರಿಂದ, 2023ರ ಆರಂಭದಿಂದ ಅವನ ಜರ್ಮನ್ ಮೂಲಕೃತಿಗಳು ಇಲ್ಲಿ ಎಲ್ಲರ ಸೊತ್ತಾಗಿವೆ. ಇಂಗ್ಲಿಷ್ ಅನುವಾದಗಳಿಗೆ ಅವುಗಳದ್ದೇ ಹಕ್ಕುಗಳಿರುತ್ತವೆ ಎಂಬುದನ್ನು ಮರೆಯಬಾರದು. ಜರ್ಮನ್ ಬಲ್ಲ ಕನ್ನಡಿಗರು ಮೂಲದಿಂದಲೇ ಈ ಮೂರನ್ನೂ ಕನ್ನಡಿಸಲು ಮುಂದಾಗಲೆಂದು ಮನಸಾರೆ ಬಯಸುತ್ತೇನೆ. ಗೋಲ್ಡ್‌ಮುಂಡನ ಅಲೆದಾಟಕ್ಕೆ ನಮ್ಮ ಉತ್ತರ ಕರ್ನಾಟಕದ ಮಾತು ಎಷ್ಟು ಚೆನ್ನಾಗಿ ಹೊಂದುತ್ತದೆಂದು ಕಥೆ ಹೇಳುವಾಗಲೆಲ್ಲ ಅನ್ನಿಸಿದೆ.

ಒಂದೇ ಪುಸ್ತಕ ಕೊಳ್ಳಬಲ್ಲವರು ಹತ್ತೊಂಬತ್ತು ಇಪ್ಪತ್ತರ ವಯಸ್ಸಿನವರಾಗಿದ್ದು, ತನ್ನ ದಾರಿ ಯಾವುದೆಂದು ತಿಳಿಯದೆ ಬೇರೆಯವರ ದಾರಿಯಲ್ಲಿ ನಡೆಯುತ್ತಿದ್ದರೆ ‘ನಾರ್ಸಿಸಸ್ ಮತ್ತು ಗೋಲ್ಡ್‌ಮುಂಡ್’ ತರಿಸಲಿ. ಶಾಲೆಯಲ್ಲೋ ಹಾಸ್ಟೆಲಿನಲ್ಲೋ ಯಾರದೋ ಬೆದರಿಕೆಯಲ್ಲಿ ಬದುಕಿದ ನೆನಪು ಇನ್ನೂ ಮಾಯದವರು ‘ಡೆಮಿಯಾನ್’ ತರಿಸಲಿ, ಜೊತೆಗೊಬ್ಬ ಗೆಳೆಯನಿಂದಲೂ ಅದನ್ನು ಓದಿಸಲಿ. ಹಳೆಯ ಗೆಳೆಯನೊಬ್ಬ ಬೇರೆ ದಾರಿ ಹಿಡಿದು ದೂರವಾದ ನೋವುಳ್ಳವರಿಗೆ ವಯಸ್ಸು ಎಷ್ಟೇ ಇರಲಿ ‘ಸಿದ್ಧಾರ್ಥ’ ಸಲ್ಲುತ್ತದೆ, ಓದುವಾಗ ಗೋವಿಂದನನ್ನು ಮಾತ್ರ ಮರೆಯಬಾರದು.

ಬೇಸಿಗೆಯಲ್ಲಿ ಬಂದಿದ್ದ ಆ ವಿದ್ಯಾರ್ಥಿಗೆ ನನ್ನ ಬಳಿಯಿದ್ದ ಮೂರನೆಯ ಪುಸ್ತಕದ ಪ್ರತಿಯನ್ನೇ ಕೊಟ್ಟಿದ್ದೇನೆ. ದಿನಕ್ಕೆ ನಾಲ್ಕೈದು ಪುಟಗಳಂತೆ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದಾನೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, ಗೋಲ್ಡ್‌ಮುಂಡ್ ಈಗ ನಿಕ್ಲಾಸನ ಮನೆಯಲ್ಲಿ ಕೆಲಸ ಕಲಿಯುತ್ತಿದ್ದಾನೆಂದು ಹೇಳಿ, ಕಿನ್ನಾಳಕ್ಕೆ ಮತ್ತೆ ಯಾವಾಗ ಹೋಗುತ್ತೀರಿ, ತಾನೂ ಬರುತ್ತೇನೆ ಎಂದ.